ಹಿಂದಿನಿಂದ ಬೆಳಕು ಬಿದ್ದರೇ ಮಳೆ!

ಸಿನಿಮಾದಲ್ಲಿ ಮಳೆ ಬರಿಸುವುದು ಸುಲಭ, ಮಳೆಯನ್ನು ಹಿಡಿಯುವುದು ಕಷ್ಟ. ಯಾವ ಕ್ಯಾಮೆರಾಮನ್‌ನನ್ನು ಬೇಕಾದರೂ ಕೇಳಿ ನೋಡಿ. ಆಕಾಶವೇ ತೂತು ಬಿದ್ದ ಹಾಗೆ ಸುರಿಯುತ್ತಿದ್ದರೂ ಬೆಳಕು ಎದುರಿನಿಂದ ಬಿದ್ದರೆ ತೆರೆಯ ಮೇಲೆ ಹನಿ ಸರಿಯಾಗಿ ಕಾಣುವುದೇ ಇಲ್ಲ! ನಾಯಕಿ ತೊಪ್ಪೆಯಾಗಿ ನಿಂತಿರುತ್ತಾಳೆ, ಯಾಕೆ ನೆಂದಳು ಅಂತ ಪ್ರೇಕ್ಷಕ ಪ್ರಭುವಿಗೆ ಗೊತ್ತಾಗುವುದಿಲ್ಲ. ಬೆಳಕು ಹನಿಯ ಹಿಂದಿನಿಂದ ಬರಬೇಕು. ಆಗ ಒಂದೊಂದು ಹನಿಯೂ ಬೆಳ್ಳಿ ಕಡ್ಡಿ! ಅದಕ್ಕೇ ನಮ್ಮವರು ಟ್ಯಾಂಕರಿನಲ್ಲಿ ನೀರು ತರಿಸಿ, ತೂತು ಕೊರೆದ ಪೈಪನ್ನು ಮೇಲೆ ಕಟ್ಟಿ, ಹಿಂದೊಂದು ದೊಡ್ಡ ಲೈಟು ನಿಲ್ಲಿಸಿ, ಸುಡುಬೇಸಿಗೆಯಲ್ಲಿ ಮಳೆಗಾಲ ಮಾಡುವುದು.

ನಿಜವಾದ ಮಳೆಯಲ್ಲಿ ಔಟ್‌ಡೋರ್ ಇಟ್ಟುಕೊಂಡರೆ ನಿರ್ಮಾಪಕನ ಗತಿ ಕೇಳಬೇಡಿ. ಮಧ್ಯಾಹ್ನ ಮೂರಕ್ಕೇ ಕತ್ತಲೆ. ಅರ್ಧ ಶಾಟ್ ಮಳೆಯಲ್ಲಿ ತೆಗೆದ ಮೇಲೆ ಹೊಂಬಿಸಿಲು! ತಾರೆಯ ಕಾಲ್‌ಷೀಟ್ ಮುಗಿಯುತ್ತದೆ, ಮಳೆ ಮುಗಿಯುವುದಿಲ್ಲ. ಇಡೀ ಯೂನಿಟ್ಟು ಲಾಡ್ಜಿನಲ್ಲಿ ಇಸ್ಪೀಟು ಆಡುತ್ತಾ ಬತ್ತ ತಿನ್ನುತ್ತದೆ. ಹೀಗಾಗಿ ಕರಾವಳಿ ಅಂತ ನಾವು ತೆರೆಯ ಮೇಲೆ ನೋಡಿದ್ದು ಬಹುಪಾಲು ಡಿಸೆಂಬರ್-ಜನವರಿಯ ಕರಾವಳಿ. ನೀಲಿ ಕಡಲು, ಬಿಳಿ ಮರಳು, ಎರಡು ತೆಂಗಿನಮರ, ನಡುವೆ ಒಂದು ಡ್ಯೂಯೆಟ್ಟು.

ಅದರ ಅಸಲು ಮಳೆಗಾಲ ಹೇಗಿರುತ್ತೆ ಅಂತ ರಸ್ತೆಯ ಮೇಲೇ ನೋಡಿಬಿಡೋಣಾಂತ 2025ರ ಜುಲೈನಲ್ಲಿ, ಪುನರ್ವಸು ಮಳೆ ಮುಗಿಯುವ ಹೊತ್ತಿಗೆ ಹೊರಟೆ. ಗಾಡಿ ನನ್ನ ಭಾವಮೈದನ ಹಳೇ ಓಮ್ನಿ. ಓಡಿಸುವವನೂ ಅವನೇ. ಹದಿನೈದು ವರ್ಷ ಲಾರಿ ಹೊಡೆದವನು, ಶಿರಾಡಿ ಘಾಟಿಯ ಒಂದೊಂದು ತಿರುವಿಗೂ ಅವನ ಹತ್ತಿರ ಒಂದೊಂದು ಬೈಗುಳ ಇದೆ.

“ಭಾವ, ಮಳೆ ನೋಡಕ್ಕೆ ಅಂತ ಯಾರಾದ್ರೂ ಪೆಟ್ರೋಲ್ ಸುಡ್ತಾರಾ?” ಅಂದ ಮೊದಲಿಗೇ.

ಅವನ ಮಾತೂ ನ್ಯಾಯವೇ. ನಮ್ಮ ಚನ್ನರಾಯಪಟ್ಟಣದ ಕಡೆ ಮಳೆ ನೋಡುವ ವಸ್ತುವಲ್ಲ, ಬೇಡುವ ವಸ್ತು. ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸು ಬಿದ್ದರೆ ಪುಣ್ಯ. ಅದೂ ಕೈಕೊಟ್ಟರೆ ಹುಡುಗರು ಹಲಗೆಯ ಮೇಲೆ ಮಣ್ಣಿನ ಮಳೆರಾಯನನ್ನು ಹೊತ್ತು ಮನೆಮನೆಗೆ ಬರುತ್ತಾರೆ, ಹೆಂಗಸರು ಒಂದು ಚೊಂಬು ನೀರು ಹುಯ್ಯುತ್ತಾರೆ. ಅದೇ ಹೆದ್ದಾರಿ ಹಿಡಿದು ಮಂಗಳೂರಿಗೆ ಹೋಗಿ, ಅಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಬೀಳುತ್ತದೆ. ಐದು ಪಟ್ಟು! ಒಂದೇ ರಸ್ತೆಯ ಈ ತುದಿಯಲ್ಲಿ ಬಾರಪ್ಪ ಅಂತಾರೆ, ಆ ತುದಿಯಲ್ಲಿ ಸಾಕಪ್ಪ ಅಂತಾರೆ.

ಹಾಸನಕ್ಕೆ 40 ಕಿಲೋಮೀಟರು, ಅಲ್ಲಿಂದ ಸಕಲೇಶಪುರಕ್ಕೆ ಮತ್ತೆ 40. ಬಾಳುಪೇಟೆ ಬರುವ ಹೊತ್ತಿಗೆ ವೈಪರ್ ಶುರು. ಸಕಲೇಶಪುರದ ಸೇತುವೆಯ ಮೇಲೆ ಗಾಡಿ ನಿಧಾನ ಮಾಡಿಸಿ ಕೆಳಗೆ ಇಣುಕಿದೆ. ಹೇಮಾವತಿ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ ಓಡುತ್ತಿದ್ದಳು. ಇದೇ ನೀರು ಗೊರೂರಿನ ಅಣೆಕಟ್ಟೆಗೆ ಹೋಗಿ, ಅಲ್ಲಿಂದ ಹೊಳೆನರಸೀಪುರಕ್ಕೆ ಹರಿಯಬೇಕು.

ಗೊರೂರು ಅಂದೆ ನೋಡಿ, ಮಳೆಯ ವಿಷಯದಲ್ಲಿ ಕನ್ನಡ ಚಿತ್ರರಂಗ ನಮ್ಮ ಜಿಲ್ಲೆಗೆ ಸಾಲಗಾರ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯನ್ನೇ ಅಲ್ಲವೆ ಸಿದ್ದಲಿಂಗಯ್ಯನವರು 1974ರಲ್ಲಿ ‘ಭೂತಯ್ಯನ ಮಗ ಅಯ್ಯು’ ಮಾಡಿದ್ದು? ಎಂ.ಪಿ. ಶಂಕರ್, ಲೋಕೇಶ್, ವಿಷ್ಣುವರ್ಧನ್ ಎಲ್ಲರೂ ಅದರಲ್ಲಿ ಮೆರೆದರು ನಿಜ. ಆದರೆ ಕೊನೆಯಲ್ಲಿ ಬರುವ ಆ ಪ್ರವಾಹ! ಊರಿನ ಹಗೆಯೆಲ್ಲ ನೀರಿಗೆ ಬಿದ್ದು, ನಿನ್ನೆ ಮಚ್ಚು ಹಿಡಿದ ಕೈ ಇವತ್ತು ಹಗ್ಗ ಹಿಡಿಯುತ್ತದೆ. ಅಲ್ಲಿ ಮಳೆಗೆ ಒಂದು ಕೆಲಸ ಇತ್ತು ಕಣ್ರೀ. ಅದು ನಾಯಕಿಯ ಸೀರೆ ನೆನೆಸಲು ಬಂದ ಮಳೆ ಅಲ್ಲ.

ಸಕಲೇಶಪುರ ದಾಟಿದರೆ ದೋಣಿಗಾಲ್, ಮೇಲೆ ಟಿಪ್ಪು ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ. ಅವತ್ತು ಕೋಟೆಯೂ ಇಲ್ಲ, ಗುಡ್ಡವೂ ಇಲ್ಲ, ಎಲ್ಲ ಮಂಜು. ರಸ್ತೆ ಬದಿಯಲ್ಲಿ ಬೆಂಗಳೂರು ನೋಂದಣಿಯ ಕಾರುಗಳ ಸಾಲು, ಹುಡುಗ ಹುಡುಗಿಯರು ಕೈಚಾಚಿ ಮುಖ ಮೇಲೆತ್ತಿ ನೆನೆಯುತ್ತಾ ನಿಂತಿದ್ದಾರೆ. ಈ ಭಂಗಿ ಎಲ್ಲಿಂದ ಬಂತು ಅಂತ ನಾನು ಹೇಳಬೇಕೇ? 2006ರ ಡಿಸೆಂಬರ್ 29ಕ್ಕೆ ಬಿಡುಗಡೆಯಾದ ‘ಮುಂಗಾರು ಮಳೆ’! ಯೋಗರಾಜ ಭಟ್ಟರು, ಕ್ಯಾಮೆರಾಮನ್ ಕೃಷ್ಣ, ಗಣೇಶ್, ಎಲ್ಲರೂ ಸೇರಿ ಸಕಲೇಶಪುರ, ಮಡಿಕೇರಿ, ಜೋಗ ಅಂತ ನಿಜವಾದ ಮಳೆಗೇ ಕ್ಯಾಮೆರಾ ಒಡ್ಡಿದರು. ಹಾಡು ಬರೆದ ಜಯಂತ ಕಾಯ್ಕಿಣಿ ಗೋಕರ್ಣದವರು, ಮಳೆ ಅವರಿಗೆ ಬಾಲ್ಯದ ಗೆಳೆಯ. ಚಿತ್ರ ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷ ದಾಟಿ ಓಡಿತು. ನಾನೂ ಮೂರು ಸಲ ನೋಡಿದೆ, ಸುಳ್ಳು ಹೇಳುವುದಿಲ್ಲ. ಆದರೆ ಅಂದಿನಿಂದ ಗಾಂಧಿನಗರಕ್ಕೆ ಮಳೆ ಅಂದರೆ ಪ್ರೀತಿ, ಪ್ರೀತಿ ಅಂದರೆ ಮಳೆ. ಬೇರೆ ಅರ್ಥವೇ ಉಳಿಯಲಿಲ್ಲ.

ಮಾರನಹಳ್ಳಿ ದಾಟಿ ಇಳಿಜಾರು ಹಿಡಿದಾಗ ಭಾವಮೈದ ಮಾತು ನಿಲ್ಲಿಸಿದ. ಅವನು ಮಾತು ನಿಲ್ಲಿಸಿದ ಅಂದರೆ ವಿಷಯ ಗಂಭೀರ ಅಂತ ಲೆಕ್ಕ. ಎಡಗಡೆ ಕೆಂಪುಹೊಳೆಯ ಸದ್ದು, ಬಲಗಡೆ ರಸ್ತೆ ಅಗಲ ಮಾಡಲು ನೆಟ್ಟಗೆ ಕೊಯ್ದ ಗುಡ್ಡ. ದೊಡ್ಡತಪ್ಪಲೆ ಹತ್ತಿರ ಆ ಗುಡ್ಡದ ಗಾಯ ಇನ್ನೂ ಹಸಿಯಾಗಿಯೇ ಕಾಣುತ್ತದೆ, 2024ರ ಮಳೆಗಾಲದಲ್ಲಿ ಕುಸಿದದ್ದು. ನಾನು ಫೋಟೋ ತೆಗೆಯೋಣ ನಿಲ್ಲಿಸಯ್ಯಾ ಅಂದೆ. ಅವನು ನಿಲ್ಲಿಸಲಿಲ್ಲ.

“ಗುಡ್ಡದಿಂದ ಇಳಿಯೋ ನೀರು ತಿಳಿಯಾಗಿದ್ರೆ ಪರವಾಗಿಲ್ಲ ಭಾವ. ಕೆಂಪಗಾಯ್ತು ಅಂದ್ರೆ ಒಳಗೆ ಮಣ್ಣು ಬಿಡ್ತಾ ಐತೆ ಅಂತ. ಅದರ ಕೆಳಗೆ ಗಾಡಿ ನಿಲ್ಲಿಸ್ಬಾರ್ದು. ದೇವ್ರೇ ಕೈ ಅಡ್ಡ ಹಾಕಿದ್ರೂ ನಿಲ್ಲಿಸ್ಬಾರ್ದು.”

ಇದು ಯಾವ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿತದ್ದಲ್ಲ. ಗುಡ್ಡದ ಪಾದ ಕಡಿದರೆ ಮೇಲಿನ ಮಣ್ಣಿಗೆ ಆಸರೆ ಇಲ್ಲ, ನೀರು ಕುಡಿದು ಭಾರವಾದ ಮಣ್ಣು ಆಸರೆ ಇಲ್ಲದ ಕಡೆ ಜಾರುತ್ತದೆ. ಇಷ್ಟೇ ಸೂತ್ರ. ಎದುರಿನಿಂದ ಟ್ಯಾಂಕರ್ ಲಾರಿಗಳು ಮಧ್ಯಾಹ್ನ ಎರಡಕ್ಕೇ ಹೆಡ್‌ಲೈಟ್ ಹಾಕಿಕೊಂಡು ಹತ್ತುತ್ತಿದ್ದವು. ಆ ಬೆಳಕು ನಮ್ಮ ಕಡೆಗೆ ಬಿದ್ದಾಗ, ನಡುವೆ ಸುರಿಯುತ್ತಿದ್ದ ಮಳೆ ಇದ್ದಕ್ಕಿದ್ದಂತೆ ಕಂಡಿತು ನೋಡಿ, ಹನಿಹನಿಯಾಗಿ, ಬೆಳ್ಳಿ ಕಡ್ಡಿಗಳಾಗಿ! ಸಾಕ್ಷಾತ್ ಸಿನಿಮಾ ಮಳೆ! ವ್ಯತ್ಯಾಸ ಒಂದೇ, ಆ ಲೈಟಿನ ಹಿಂದೆ ಲೈಟ್‌ಬಾಯ್ ಇರಲಿಲ್ಲ. ಹದಿನಾರೋ ಇಪ್ಪತ್ತೋ ಟನ್ ಹೊತ್ತು, ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದ ಒಬ್ಬ ಮನುಷ್ಯ ಇದ್ದ.

ಗುಂಡ್ಯದಲ್ಲಿ ಚಹಾ. ಉಪ್ಪಿನಂಗಡಿಯಲ್ಲಿ ಕುಮಾರಧಾರೆ ನೇತ್ರಾವತಿಯನ್ನು ಸೇರುವ ಜಾಗ. ನೆರೆ ಏರಿ ಎರಡೂ ಹೊಳೆ ಸಹಸ್ರಲಿಂಗೇಶ್ವರನ ದೇವಸ್ಥಾನದ ಮುಂದೆ ಒಂದಾದರೆ ಅದನ್ನು ‘ಸಂಗಮ’ ಅಂತ ಕರೆದು ಪೂಜೆ ಮಾಡುತ್ತಾರೆ. ಪ್ರವಾಹಕ್ಕೂ ಆರತಿ ಎತ್ತುವ ಜನ! ಈ ಹೊಳೆ 1923ರಲ್ಲೂ 1974ರಲ್ಲೂ ಬಂಟ್ವಾಳವನ್ನು ಮುಳುಗಿಸಿತ್ತು. 1974 ಅಂದರೆ ಅಯ್ಯು ತೆರೆಗೆ ಬಂದ ವರ್ಷವೇ. ತೆರೆಯ ಮೇಲೂ ಪ್ರವಾಹ, ಬಂಟ್ವಾಳ ಪೇಟೆಯಲ್ಲೂ ಪ್ರವಾಹ.

ಮಂಗಳೂರು ಬಿಡಿ, ಅಲ್ಲಿ ಟ್ರಾಫಿಕ್ಕು ನೋಡಿದ್ದೇ ಹೆಚ್ಚು. ಆ ರಾತ್ರಿ ಉಡುಪಿ ಹತ್ತಿರ ಪರಿಚಯದವರ ಮನೆಯಲ್ಲಿ ಉಳಿದೆವು. ತುಳುವರ ಆಟಿ ತಿಂಗಳು ಆಗತಾನೇ ಹುಟ್ಟಿತ್ತು. ಪತ್ರೊಡೆ ಆಯಿತು, ಒಣಮೀನಿನ ಚಟ್ನಿ ಆಯಿತು. ತಾಜಾ ಮೀನು ಯಾಕಿಲ್ಲ ಅಂತ ಕೇಳಿ ನಗೆಪಾಟಲಾದವನು ನನ್ನ ಭಾವಮೈದ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ, ಕಡಲೂ ಹುಚ್ಚು. ಮರುದಿನ ಮಲ್ಪೆಗೆ ಹೋಗಿ ನೋಡಿದರೆ ಬಂದರಿನ ತುಂಬ ಬೋಟುಗಳು ಒಂದಕ್ಕೊಂದು ಮೈ ತಾಗಿಸಿಕೊಂಡು ಟಾರ್ಪಾಲು ಹೊದ್ದು ನಿದ್ದೆ ಮಾಡುತ್ತಿದ್ದವು. ಎರಡು ತಿಂಗಳು ಬಲೆ ಹೆಣೆಯುವುದೇ ಕೆಲಸ. 2014ರಲ್ಲಿ ರಕ್ಷಿತ್ ಶೆಟ್ಟರು ‘ಉಳಿದವರು ಕಂಡಂತೆ’ಯಲ್ಲಿ ಮಲ್ಪೆಯನ್ನು ಚೆನ್ನಾಗಿ ತೋರಿಸಿದರು. ಬೋಟು ಮಲಗಿದ ಈ ಮಲ್ಪೆಯನ್ನೂ ಯಾರಾದರೂ ತೋರಿಸಿಯಾರೆ?

ಕಡಲಿನ ಕೆಲಸಕ್ಕೆ ಮಾತ್ರವಲ್ಲ, ಬಣ್ಣದ ಕೆಲಸಕ್ಕೂ ಇಲ್ಲಿ ಮಳೆಗಾಲ ರಜೆ. ಮೇ ಕೊನೆಯ ಹೊತ್ತಿಗೆ ಪತ್ತನಾಜೆ ಬಂತೆಂದರೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯಿತು, ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ದೀಪಾವಳಿಯ ಸುಮಾರಿಗೆ. ನಮ್ಮ ಬಯಲುಸೀಮೆಯ ಟೂರಿಂಗ್ ಟಾಕೀಸಿನ ಟೆಂಟು ಮಳೆ ಕಂಡರೆ ಸುತ್ತಿಡುತ್ತಿದ್ದರಲ್ಲ, ಹಾಗೇ. ಆದರೆ ಕಲಾವಿದನಿಗೆ ಹೊಟ್ಟೆ ರಜೆ ಕೊಡುವುದಿಲ್ಲವಲ್ಲ! ಅದಕ್ಕೆ ಚಿಕ್ಕಮೇಳ. ಆ ರಾತ್ರಿ ಎಂಟರ ಸುಮಾರಿಗೆ ಕೊಡೆ ಮಡಚಿಕೊಂಡು ನಾಲ್ಕೈದು ಜನ ಜಗಲಿ ಹತ್ತಿದರು. ಒಬ್ಬರು ಭಾಗವತರು, ಚೆಂಡೆ ಮದ್ದಳೆಗೆ ಇಬ್ಬರು, ವೇಷ ಎರಡು. ದೀಪದ ಮುಂದೆ ಅಕ್ಕಿ ಕಾಯಿ ಇಟ್ಟರು. ಹದಿನೈದು ನಿಮಿಷ ಕೃಷ್ಣ ರುಕ್ಮಿಣಿ ಜಗಳ, ಮಾತಿಗೆ ಮಾತು, ಕುಣಿತ. ಹೆಂಚಿನ ಮೇಲೆ ಮಳೆ ಚೆಂಡೆಗೆ ಪೈಪೋಟಿ ಕೊಡುತ್ತಿತ್ತು. ಮುಗಿಸಿ, ಕಾಣಿಕೆ ತೆಗೆದುಕೊಂಡು, ರುಕ್ಮಿಣಿ ಸೀರೆಯ ನೆರಿಗೆ ಮೊಣಕಾಲಿಗೆ ಎತ್ತಿಕಟ್ಟಿ, ಟಾರ್ಚು ಹಿಡಿದು ಕೆಸರಿನಲ್ಲಿ ಮುಂದಿನ ಮನೆಗೆ ನಡೆದಳು. ನಡೆದ ಎನ್ನಬೇಕು, ಗಂಡಸು ತಾನೆ! ಯಾವ ನಾಯಕಿಯ ಮಳೆ ಹಾಡೂ ಆ ಟಾರ್ಚಿನ ಬೆಳಕಿಗೆ ಸಮ ಬರಲಿಲ್ಲ ನನಗೆ.

ಮುಂದೆ ಕೋಟ. ಶಿವರಾಮ ಕಾರಂತರು ಹುಟ್ಟಿದ ಊರು. ಅವರ ‘ಚೋಮನ ದುಡಿ’ಯನ್ನು ಬಿ.ವಿ. ಕಾರಂತರು 1975ರಲ್ಲಿ ಚಿತ್ರ ಮಾಡಿದಾಗ ಚೋಮನಾದ ವಾಸುದೇವ ರಾಯರಿಗೆ ರಾಷ್ಟ್ರ ಪ್ರಶಸ್ತಿ ಬಂತು. ಈ ವಾಸುದೇವ ರಾಯರನ್ನು ನೆನಪಿಡಿ, ಮುಂದೆ ಬೇಕಾಗುತ್ತಾರೆ. ಕುಂದಾಪುರ ಬಂದರೆ ವೈದೇಹಿಯವರ ಕಥೆಯಿಂದ ಗಿರೀಶ್ ಕಾಸರವಳ್ಳಿಯವರು ಮಾಡಿದ ‘ಗುಲಾಬಿ ಟಾಕೀಸು’, 2008. ಕುದ್ರುವಿನ ಸೂಲಗಿತ್ತಿ, ಸಿನಿಮಾ ಹುಚ್ಚಿನ ಗುಲಾಬಿಯಾಗಿ ಉಮಾಶ್ರೀ! ಮನೆಗೆ ಡಿಷ್ ಬಂತು, ಊರ ಹೆಂಗಸರು ಬಂದರು, ಜೊತೆಗೆ ಟ್ರಾಲರ್ ಜಗಳವೂ ಜಾತಿ ಜಗಳವೂ ಬಂತು. ಕರಾವಳಿಯನ್ನು ಹಿನ್ನೆಲೆಯ ಪರದೆ ಮಾಡದೆ ಅಲ್ಲಿಯ ಅನ್ನದ ಪ್ರಶ್ನೆ ಕೇಳಿದ ಚಿತ್ರ. ಉಮಾಶ್ರೀಗೂ ರಾಷ್ಟ್ರ ಪ್ರಶಸ್ತಿ ಸಂದಿತು. ನಮ್ಮ ಕಡೆ ಟಾಕೀಸುಗಳಲ್ಲಿ ಎಷ್ಟು ದಿನ ಇತ್ತು ಅಂತ ಮಾತ್ರ ಕೇಳಬೇಡಿ.

ಮರವಂತೆ! ಈ ಹೆದ್ದಾರಿಯ ಅತಿ ಸುಂದರ ತುಣುಕು. ಎಡಕ್ಕೆ ಅರಬ್ಬಿ ಕಡಲು, ಬಲಕ್ಕೆ ಸೌಪರ್ಣಿಕಾ ಹೊಳೆ, ನಡುವೆ ರಸ್ತೆ. ಆ ದಿನ ಕಡಲಿನ ಬಣ್ಣ ನೀಲಿಯಲ್ಲ, ಬೂದಿ. ದಡಕ್ಕೆ ಪೇರಿಸಿದ ಬಂಡೆಗಳಿಗೆ ಅಲೆ ಗುದ್ದಿ, ಮೇಲೆ ಚಿಮ್ಮಿದ ಉಪ್ಪು ನೀರು ನಮ್ಮ ಗಾಜಿಗೇ ಬಡಿಯಿತು. ಬಂಡೆಯ ತುದಿಯಲ್ಲಿ ನಾಲ್ಕು ಹುಡುಗರು ಮೊಬೈಲು ಹಿಡಿದು ಬೆನ್ನು ಕಡಲಿಗೆ ಕೊಟ್ಟು ನಿಂತಿದ್ದರು. ಗೂಡಂಗಡಿಯ ಯಜಮಾನರು ಕೂಗಿ ಕೂಗಿ ಗಂಟಲು ಹರಿದುಕೊಂಡರು. ಆಮೇಲೆ ನಮ್ಮ ಕಡೆ ತಿರುಗಿ, “ಹ್ವಾಯ್, ನೀವೂ ಮಳಿ ಕಾಂಬುಕೇ ಬಂದದ್ದಾ?” ಅಂದರು. ನಾನು ಪತ್ರಿಕೆಯವನು ಅಂದೆ. ಅದರಿಂದ ನನ್ನ ಮರ್ಯಾದೆ ಏನೂ ಏರಿದ ಹಾಗೆ ಕಾಣಲಿಲ್ಲ. ಮುಂದಿನ ವಾರ ಆಷಾಢದ ಅಮಾವಾಸ್ಯೆ, ಇಲ್ಲಿಯ ಮಹಾರಾಜಸ್ವಾಮಿಯ ಜಾತ್ರೆ, ಕಡಲಿಗಿಳಿಯುವ ಜನ ಬಂದು ಕೈಮುಗಿದು ಹೋಗುತ್ತಾರೆ ಅಂದರು. ಕಡಲಿಗೆ ಬೆನ್ನು ಕೊಟ್ಟು ಫೋಟೋ ತೆಗೆಸುವವರು ಒಬ್ಬರು, ಕಡಲಿನ ಮುಂದೆ ಕೈಮುಗಿಯುವವರು ಇನ್ನೊಬ್ಬರು. ಒಂದೇ ಮಳೆ.

ಭಟ್ಕಳ, ಮುರ್ಡೇಶ್ವರ ದಾಟಿ ಹೊನ್ನಾವರದ ಶರಾವತಿ ಸೇತುವೆ. ಇದು ಶಂಕರ್‌ನಾಗ್ ಹುಟ್ಟಿದ ತಾಲೂಕು. ಆಗುಂಬೆಯ ಮಳೆಯೂರಿಗೆ ‘ಮಾಲ್ಗುಡಿ ಡೇಸ್’ ಕಟ್ಟಿಕೊಂಡು ಹೋದ ಧೀರ! 1980ರ ‘ಆಟೋ ರಾಜ’ದಿಂದ ಇವತ್ತಿಗೂ ಆಟೋ ನಿಲ್ದಾಣಗಳಲ್ಲಿ ಅವರ ಫೋಟೋಕ್ಕೆ ಹಾರ ತಪ್ಪಿಲ್ಲ. 1990ರ ಸೆಪ್ಟೆಂಬರ್ 30ರ ಬೆಳಗಿನ ಜಾವ ದಾವಣಗೆರೆಯ ಆನಗೋಡಿನ ಬಳಿ ರಸ್ತೆಯ ಮೇಲೇ ಹೋದರು, ಮೂವತ್ತೈದರ ವಯಸ್ಸು. ಸೇತುವೆಯ ಮೇಲೆ ಭಾವಮೈದ ಹಾರ್ನ್ ಎರಡು ಸಲ ಒತ್ತಿದ. ಆಮೇಲೆ ಕೇಳಿದ: “ಆಟೋದೋರಿಗೆ ಶಂಕರಣ್ಣ ಸಿಕ್ಕುದ್ರು. ಲಾರಿಯೋರಿಗೆ ಯಾರು ಸಿಕ್ಕುದ್ರು ಭಾವ? ಪಿಚ್ಚರ್‌ನಲ್ಲಿ ಲಾರಿ ಬಂತು ಅಂದ್ರೆ ಹೀರೋ ತಂದೆನ ಗುದ್ದಕ್ಕೇ ಬತ್ತದೆ!”

ಉತ್ತರ ಹುಡುಕುತ್ತಾ ಕುಮಟಾ ದಾಟಿದ್ದಾಯಿತು. ಮುಂದೆ ಶಿರೂರು. ಬೈಂದೂರಿನ ಹತ್ತಿರದ ಶಿರೂರಲ್ಲ, ಅಂಕೋಲಾದ ಶಿರೂರು. 2024ರ ಜುಲೈ 16ರ ಬೆಳಿಗ್ಗೆ ಇಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೇ ದಾಟಿ ಗಂಗಾವಳಿ ಹೊಳೆಗೆ ಬಿತ್ತು. ರಸ್ತೆ ಬದಿಯ ಚಹಾ ಅಂಗಡಿ, ಅದನ್ನು ನಡೆಸುತ್ತಿದ್ದ ಸಂಸಾರ, ಚಹಾಕ್ಕೆಂದು ನಿಲ್ಲಿಸಿದ್ದ ಗಾಡಿಗಳು, ಎಲ್ಲ ಹೋಯಿತು. ಗ್ಯಾಸ್ ಟ್ಯಾಂಕರ್ ತೇಲಿಹೋಯಿತು. ಹೊಳೆಯಾಚೆ ಉಳುವರೆಯ ಮನೆಗಳಿಗೂ ಆ ನೀರಿನ ಹೊಡೆತ. ಮರ ಹೇರಿಕೊಂಡು ಬಂದ ಕೇರಳದ ಲಾರಿಯನ್ನು, ಅದರೊಳಗಿದ್ದ ಚಾಲಕನನ್ನು ಹೊಳೆಯ ತಳದಿಂದ ಎತ್ತಿದ್ದು ಸೆಪ್ಟೆಂಬರ್ 25ಕ್ಕೆ, ಗೋವಾದಿಂದ ಡ್ರೆಜರ್ ತರಿಸಿ. ಎಪ್ಪತ್ತೊಂದು ದಿನ. ಆ ಎಪ್ಪತ್ತೊಂದು ದಿನ ಕೇರಳದ ಒಂದು ಮನೆ ಟೀವಿ ಮುಂದೆ ಕೂತಿತ್ತು.

ಮಳೆ ಹನಿಯುತ್ತಿತ್ತು. ಕೊಯ್ದ ಗುಡ್ಡ ಕೆಂಪಗೆ ನಿಂತಿತ್ತು, ಹೊಳೆ ಏನೂ ಆಗದ ಹಾಗೆ ಹರಿಯುತ್ತಿತ್ತು. ಇಂಥಾ ಚೆಂದದ ಜಾಗ ಇಡೀ ದಾರಿಯಲ್ಲಿ ಇನ್ನೊಂದು ಕಾಣಲಿಲ್ಲ ಅಂದರೆ ನಂಬುತ್ತೀರಾ? ನಿರ್ದೇಶಕರು ಕಂಡರೆ ಇಲ್ಲೇ ಟ್ರಾಲಿ ಹಾಕಿ ಅನ್ನುತ್ತಾರೆ. ಲಾರಿಯವರು ಚಹಾ ಕುಡಿಯಲು ಈ ಜಾಗ ಆರಿಸಿಕೊಂಡದ್ದೂ ಅದಕ್ಕೇ ಇರಬೇಕು, ನೆರಳು, ಗಾಳಿ, ಎದುರಿಗೆ ಹೊಳೆ.

ಈ ಮಳೆಯನ್ನು, ಇದರ ಹೆದರಿಕೆಯನ್ನು ಹಿಡಿದ ಕನ್ನಡ ಚಿತ್ರ ಒಂದಿದೆ. 2002ರಲ್ಲಿ ತೆರೆಕಂಡ ಕಾಸರವಳ್ಳಿಯವರ ‘ದ್ವೀಪ’. ನಾ. ಡಿಸೋಜರ ಕಾದಂಬರಿ. ಅಣೆಕಟ್ಟಿನ ನೀರು ಏರುತ್ತದೆ, ಊರೆಲ್ಲ ಪರಿಹಾರ ತೆಗೆದುಕೊಂಡು ಹೋಗುತ್ತದೆ, ಒಂದು ಸಂಸಾರ ಮಾತ್ರ ಗುಡ್ಡ ಬಿಡುವುದಿಲ್ಲ. ಮುದುಕ ದುಗ್ಗಜ್ಜನಾಗಿ ನಮ್ಮ ಅದೇ ಚೋಮ, ವಾಸುದೇವ ರಾಯರು! ಸೊಸೆ ನಾಗಿಯಾಗಿ ಸೌಂದರ್ಯ, ಚಿತ್ರಕ್ಕೆ ದುಡ್ಡು ಹಾಕಿದವರೂ ಅವರೇ. ಕ್ಯಾಮೆರಾ ಎಚ್.ಎಂ. ರಾಮಚಂದ್ರ. ಸ್ವರ್ಣಕಮಲವೂ ಬಂತು, ಛಾಯಾಗ್ರಹಣಕ್ಕೂ ರಾಷ್ಟ್ರ ಪ್ರಶಸ್ತಿ ಬಂತು. ಮಳೆಯ ರಾತ್ರಿ ಮನೆಯನ್ನು ಕಾದವಳು ನಾಗಿ, ಬೆಳಗಾದ ಮೇಲೆ ಗಂಡ ಕೈಮುಗಿಯುವುದು ದೇವರಿಗೆ! ಆಗ ಸೌಂದರ್ಯ ನೋಡುವ ನೋಟ ಇದೆಯಲ್ಲ, ಅದಕ್ಕೆ ಟ್ಯಾಂಕರ್ ನೀರು ಬೇಕಿಲ್ಲ. ಹೇಮಾವತಿ ಹಿನ್ನೀರಿಗೆ ಮನೆ ಹೊಲ ಬಿಟ್ಟುಕೊಟ್ಟ ನಮ್ಮ ಜಿಲ್ಲೆಯವರು ಆ ಚಿತ್ರವನ್ನು ನೋಡಲೇಬೇಕು. ಶೆಟ್ಟಿಹಳ್ಳಿಯ ಮುಳುಗುವ ಇಗರ್ಜಿಯ ಮುಂದೆ ಡ್ಯೂಯೆಟ್ ತೆಗೆಯುವವರು ಅದಕ್ಕಿಂತ ಮೊದಲು ನೋಡಬೇಕು.

ಅಂಕೋಲಾದಲ್ಲಿ ಊಟಕ್ಕೆ ಕೂತಾಗ ಭಾವಮೈದನಿಗೆ ಇದನ್ನೆಲ್ಲ ಹೇಳಿದೆ. ಅವನು ಅನ್ನಕ್ಕೆ ಸಾರು ಕಲಸುತ್ತಾ ಕೇಳಿಸಿಕೊಂಡ. ಆಮೇಲೆ, “ಹಂಗಾದ್ರೆ ನನ್ನ ಹತ್ರನೂ ಒಂದು ಸ್ಟೋರಿ ಐತೆ” ಅಂದ.

2018ರ ಆಗಸ್ಟು. ಅದೇ ಜುಲೈನಲ್ಲಿ ಹೊಸ ಕಾಂಕ್ರೀಟು ಹಾಕಿ ಶಿರಾಡಿ ತೆರೆದಿದ್ದರು, ತಿಂಗಳು ತುಂಬುವುದರೊಳಗೆ ಗುಡ್ಡ ಕುಸಿದು ಬಂದ್. ಇವನ ಲಾರಿ ನಡುದಾರಿಯಲ್ಲಿ. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಲೋಡು ಏನು? ಕೋಲಾರದ ಟೊಮ್ಯಾಟೊ! ಮೊದಲ ದಿನ ಮಂಡಿಯವನಿಗೆ ಫೋನು, ಎರಡನೇ ದಿನ ಫೋನಿಗೆ ಚಾರ್ಜಿಲ್ಲ, ಮೂರನೇ ದಿನ ಕ್ರೇಟಿನ ತಳದಿಂದ ರಸ ಸೋರಲು ಶುರು. ಮುಂದಿನ ಲಾರಿಯಲ್ಲಿ ಅಕ್ಕಿ, ಹಿಂದಿನದರಲ್ಲಿ ಸಿಮೆಂಟು. ಸಿಮೆಂಟಿನವನು ಮಳೆಗೆ ಟಾರ್ಪಾಲಿನ ಮೇಲೆ ಟಾರ್ಪಾಲು ಹೊದಿಸುತ್ತಾ ಅಳುತ್ತಿದ್ದನಂತೆ. ಎಸ್ಟೇಟಿನ ಕೂಲಿಯವರು ಒಂದು ಹಂಡೆ ತಂದರು. ಅಕ್ಕಿಯವನು ಒಂದು ಮೂಟೆ ಬಿಚ್ಚಿದ, ಇವನು ಟೊಮ್ಯಾಟೊ ಸುರಿದ. ಎರಡು ದಿನ ನೂರಾರು ಡ್ರೈವರುಗಳಿಗ

ೆ ಅನ್ನ, ಟೊಮ್ಯಾಟೊ ಗೊಜ್ಜು. ಆ ಬಾಡಿಗೆ ಇವನಿಗೆ ಇನ್ನೂ ಬಂದಿಲ್ಲ.

“ಚೆನ್ನಾಗಿದೆ ಕಣೋ” ಅಂದೆ, “ಆದರೆ ಇದರಲ್ಲಿ ಹೀರೋಯಿನ್ ಎಲ್ಲಿ?”

“ಯಾಕೆ ಭಾವ, ನಮ್ಮ ಕ್ಲೀನರ್ ಹುಡುಗ ಮೂರು ರಾತ್ರಿನೂ ಪ್ಲಾಸ್ಟಿಕ್ ಹೊದ್ಕೊಂಡು ಬಂಡೆ ಮೇಲೆ ನಿಂತು ಟವರ್ ಹುಡುಕ್ತಿದ್ನಲ್ಲ? ಆ ಕಡೆ ಫೋನ್ ಎತ್ತೋಳೇ ಹೀರೋಯಿನ್ನು.”

ಕಥೆಯ ಹಕ್ಕು ಬೇಕಾದ ನಿರ್ಮಾಪಕರು ಈ ಪತ್ರಿಕೆಯ ವಿಳಾಸಕ್ಕೆ ಬರೆಯಬಹುದು. ಮುಂಗಡವಾಗಿ ಆ ಟೊಮ್ಯಾಟೊ ಬಾಡಿಗೆ ಕೊಟ್ಟರೆ ಸಾಕಂತೆ.